ತೊಚಿಕುರಾದ ಸಮಾರೋಪಕ್ಕೆ ನಾನು ಬರುವುದಿಲ್ಲ

ಪಟ್ಟಣಾಡಳಿತದ ಮಾನ್ಯ ಅಧ್ಯಕ್ಷರೇ,

ನಿಮ್ಮ ಪ್ರಾದೇಶಿಕ ಪುನಶ್ಚೇತನ ವಿಭಾಗ ಕಳಿಸಿದ ಆಮಂತ್ರಣ ನನ್ನ ಕೈಸೇರಿದೆ. ದಪ್ಪ ಕಾಗದ, ಚೆಂದದ ಅಚ್ಚು. ತೊಚಿಕುರಾ ಗ್ರಾಮದ ‘ಸಮಾರೋಪ ಸಮಾರಂಭ’ವನ್ನು ಬರುವ ತಿಂಗಳು ಪಟ್ಟಣದ ಸಭಾಭವನದಲ್ಲಿ ಇಟ್ಟುಕೊಂಡಿದ್ದೀರಂತೆ. ಊರ ಪರವಾಗಿ ನಾನು ಕೃತಜ್ಞತಾ ಭಾಷಣ ಮಾಡಬೇಕಂತೆ, ಸಾಧ್ಯವಾದರೆ ಕಿಮೊನೊ ಉಟ್ಟು ಬರಬೇಕಂತೆ. ಸಮಯ ಉಳಿದರೆ ‘ತಮ್ಮ ಮೂಲದೇಶದ ಒಂದು ಹಾಡನ್ನೂ’ ಹಾಡಬೇಕಂತೆ. ಕ್ಷಮಿಸಿ, ನಾನು ಬರುವುದಿಲ್ಲ. ಕಿಮೊನೊ ಇಲ್ಲವೆಂದಲ್ಲ, ಹಾಡು ಮರೆತಿದೆಯೆಂದೂ ಅಲ್ಲ. ತಾನಾಗಿ ಸಾಯದ ಊರೊಂದನ್ನು ಕೈಯಾರೆ ಮುಚ್ಚಿ, ಅದಕ್ಕೆ ವಯಸ್ಸಾಗಿತ್ತು ಎಂದು ನೀವು ವೇದಿಕೆಯ ಮೇಲೆ ಹೇಳುವಾಗ, ಪಕ್ಕದಲ್ಲಿ ನಿಂತು ತಲೆಬಾಗಿ ‘ಧನ್ಯವಾದ’ ಎನ್ನುವುದು ನನ್ನಿಂದ ಆಗುವ ಕೆಲಸವಲ್ಲ. ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ನಿಮ್ಮ ಕಚೇರಿಗೆ ಮಾತ್ರ ಕಳಿಸಿದರೆ ಅದು ಯಾವ ವಿಭಾಗಕ್ಕೆ ಸೇರಿದ್ದೆಂಬ ಚರ್ಚೆಯಲ್ಲೇ ಚಳಿಗಾಲ ಕಳೆದುಹೋಗುತ್ತದೆ.

ನಾನು ಯಾರೆಂದು ನಿಮಗೆ ತಿಳಿದಿರಲಾರದು. ನಾನು ನಿಮ್ಮ ಕಚೇರಿಯದೇ ಒಂದು ಯೋಜನೆ. ಮೂವತ್ತೈದಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಬೆಟ್ಟದ ಊರುಗಳ ಗಂಡಸರಿಗೆ ಹೆಣ್ಣು ಸಿಗುತ್ತಿರಲಿಲ್ಲ. ಆಗಿನ ಅಧ್ಯಕ್ಷರು ಯೋಚಿಸಿ, ಸಮುದ್ರದಾಚೆಗೆ ಜನರನ್ನು ಕಳಿಸಿ, ಫಿಲಿಪ್ಪೀನ್ಸಿನ ಸಾಮಾರ್ ದ್ವೀಪದಿಂದ ನಮ್ಮಂಥ ಒಂದಷ್ಟು ಹುಡುಗಿಯರನ್ನು ಕರೆತಂದರು. ವಿಮಾನ ನಿಲ್ದಾಣದಿಂದ ನೇರ ನಿಮ್ಮ ಕಚೇರಿಗೆ ಕರೆದುಕೊಂಡು ಬಂದು ಸಾಲಾಗಿ ನಿಲ್ಲಿಸಿ, ಹೂಗುಚ್ಛ ಕೊಟ್ಟು, ‘ನೀವು ನಮ್ಮ ಗ್ರಾಮಗಳ ಭವಿಷ್ಯ’ ಎಂದು ಭಾಷಣ ಮಾಡಿದರು. ನನ್ನ ಹೆಸರು ಮಿಲಾಗ್ರೊಸ್. ನಮ್ಮ ಕಡೆ ಅದಕ್ಕೆ ಪವಾಡ ಎಂದು ಅರ್ಥ. ಅಷ್ಟುದ್ದದ ಹೆಸರು ಇಲ್ಲಿಯವರ ನಾಲಿಗೆಗೆ ತೊಡಕೆಂದು ಕಚೇರಿಯ ಗುಮಾಸ್ತರೊಬ್ಬರು ಅವತ್ತೇ ಮಿಚಿಕೊ ಎಂದು ಬದಲಿಸಿದರು. ಪವಾಡದ ಗೊಡವೆ ಅಲ್ಲಿಗೆ ಮುಗಿಯಿತು.

ನನ್ನ ಗಂಡ ಇಸಾಮು ಒಳ್ಳೆಯ ಮನುಷ್ಯ. ನನಗಿಂತ ಹನ್ನೆರಡು ವರ್ಷ ದೊಡ್ಡವನು. ಮೊದಲ ಒಂದು ತಿಂಗಳು ನನ್ನ ಮುಖ ನೋಡಿ ಮಾತಾಡಲಿಲ್ಲ, ಏನು ಹೇಳುವುದಿದ್ದರೂ ಗೋಡೆಗೆ ಹೇಳುತ್ತಿದ್ದ. ‘ಅನ್ನ ಚೆನ್ನಾಗಿದೆ’ ಎಂದು ಗೋಡೆಗೆ. ‘ನಾಳೆ ಹಿಮ ಜಾಸ್ತಿ ಬೀಳತ್ತೆ’ ಎಂದು ಗೋಡೆಗೆ. ಹಿಮವೆಂದರೆ ನನಗೆ ಆಗ ಕ್ಯಾಲೆಂಡರಿನ ಚಿತ್ರ. ನಮ್ಮ ಮನೆಯ ಮೇಲಿನ ಮಹಡಿಯ ಕಿಟಕಿಯಿಂದ ಕಾಲಿಟ್ಟು ಹೊರಗೆ ಹೋಗುವಷ್ಟು ಹಿಮ ಬಿದ್ದ ದಿನ, ಇದೇ ನನ್ನ ಸಮಾಧಿ ಎಂದುಕೊಂಡು ಅತ್ತಿದ್ದೆ. ಆಚೆಮನೆಯ ಹಾತ್ಸುಯೊ ಅಕ್ಕ ಹಿಮದ ಸಲಿಕೆ ಹೆಗಲಿಗಿಟ್ಟುಕೊಂಡು ಬಂದು ನನ್ನನ್ನು ನೋಡಿದಳು.

“ಏನೇ, ಬಿಸಿಲು ದೇಶದ ಸೊಸೆ, ಅಳ್ತಾ ಕೂತ್ರೆ ಹಿಮ ಕರಗತ್ತಾ? ಕಣ್ಣೀರು ಅಷ್ಟು ಬಿಸಿ ಇದ್ರೆ ಹೇಳು, ನಮ್ಮ ಚಾವಣಿಗೂ ಬಂದು ಅಳುವಂತೆ.”

ನನಗೆ ಅರ್ಧ ಅರ್ಥವಾಯಿತು. ಅರ್ಧದಲ್ಲೇ ಸಿಟ್ಟು ಬಂತು. ಸಲಿಕೆ ಕಿತ್ತುಕೊಂಡು ಚಾವಣಿ ಹತ್ತಿದೆ. ಎಲ್ಲಿಂದ ಕತ್ತರಿಸಬೇಕು, ಯಾವ ಕಡೆ ತಳ್ಳಬೇಕು, ಎಲ್ಲಿ ಕಾಲಿಟ್ಟರೆ ಜಾರುತ್ತದೆ ಎಂದು ಅವಳು ಕೆಳಗಿನಿಂದ ಬೈಯುತ್ತಲೇ ಕಲಿಸಿದಳು. ಹಿಮದ ನಾಡಿನ ಮನೆ ಮನುಷ್ಯರಿಗೆ ಹೇಳಿಕೊಡುತ್ತದೆ, ಸ್ವಾಮಿ. ಒಳಗಿನ ಜಾರುಬಾಗಿಲು ಬಿಗಿಯಾಗಿ ಎಳೆಯಲು ಬಾರದಾದರೆ ಚಾವಣಿಯ ಭಾರ ಕಂಬಕ್ಕೆ ಬಂದಿದೆ ಎಂದು ತಿಳಿಯಬೇಕು, ಊಟ ಬಿಟ್ಟು ಮೇಲೆ ಹತ್ತಬೇಕು. ಒಳಗೆ ಜನ ಇದ್ದರೆ ತಾನೇ ಬಾಗಿಲು ಎಳೆದು ನೋಡುವುದು?

ನಿಮ್ಮ ಯೋಜನೆಯ ಪ್ರಕಾರ ನನಗೆ ಮಕ್ಕಳಾಗಬೇಕಿತ್ತು, ಊರ ಶಾಲೆ ಮತ್ತೆ ತೆರೆಯಬೇಕಿತ್ತು. ಆಗಲಿಲ್ಲ. ಒಂದು ಕೂಸು ಐದು ತಿಂಗಳಿಗೇ ಹೊಟ್ಟೆಯಲ್ಲೇ ಹೋಯಿತು, ಆಮೇಲೆ ಮತ್ತೆ ನಿಲ್ಲಲಿಲ್ಲ. ಕೂಸು ಹೋದ ವಾರ ಹಾತ್ಸುಯೊ ಅಕ್ಕ ಒಂದು ಡಬ್ಬಿ ತೊಚಿ ಮೋಚಿ ತಂದಳು. ಕಾಡಿನ ತೊಚಿ ಕಾಯಿ ವಿಪರೀತ ಕಹಿ. ದಿನಗಟ್ಟಲೆ ಹರಿಯುವ ನೀರಲ್ಲಿ ನೆನೆಹಾಕಿ, ಬೂದಿ ನೀರಲ್ಲಿ ಹಾಕಿ, ಮತ್ತೆ ತೊಳೆದು, ಆಮೇಲೆ ಅಂಟಕ್ಕಿಯ ಜೊತೆ ಕುಟ್ಟಿ ಉಂಡೆ ಮಾಡಬೇಕು. ಅವಳು ಡಬ್ಬಿ ತೆರೆದಿಟ್ಟು, “ತಿನ್ನು. ಕಹಿ ತೆಗೆದಿದೀನಿ” ಎಂದಳು. ಅಷ್ಟೇ. ಸಂಜೆಯವರೆಗೆ ಪಕ್ಕದಲ್ಲಿ ಕೂತು ಮೂಲಂಗಿ ಹೆಚ್ಚಿದಳು. ಅಧ್ಯಕ್ಷರೇ, ನೀವು ‘ಭಾವನಾತ್ಮಕ ನಂಟು’ ಎಂದು ಆಮಂತ್ರಣದಲ್ಲಿ ಅಚ್ಚು ಹಾಕಿಸಿದ್ದೀರಲ್ಲ, ಅದಕ್ಕೆ ನನ್ನ ಬಳಿ ಇರುವ ಸಾಕ್ಷಿ ಆ ಡಬ್ಬಿ.

ಜೊತೆಗೆ ಬಂದ ಉಳಿದ ಹುಡುಗಿಯರು ಒಬ್ಬೊಬ್ಬರಾಗಿ ಹೋದರು. ಕೆಲವರು ನಗರಕ್ಕೆ, ಕೆಲವರು ವಾಪಸು ತವರಿಗೆ. ಅವರನ್ನು ನಾನು ದೂರುವುದಿಲ್ಲ. ನಾನು ಉಳಿದೆ. ಅತ್ತೆಯನ್ನು ಕೊನೆತನಕ ನೋಡಿಕೊಂಡೆ. ಇಸಾಮು ಹೋದ ಮೇಲೂ ಉಳಿದೆ. ಮನೆಗಳು ಒಂದೊಂದಾಗಿ ಖಾಲಿಯಾದವು, ನಿಜ. ಅರವತ್ತಕ್ಕೆ ಬಂದ ನಾನೇ ಊರಿನ ಎಲ್ಲರಿಗಿಂತ ಚಿಕ್ಕವಳು ಎಂಬುದೂ ನಿಜ. ಹಬ್ಬದ ದಿನ ದೇವರ ಗುಡಿಯ ಮೆಟ್ಟಿಲಿನ ಹಿಮ ತೆಗೆಯುವಾಗ ಊರಿನ ಮುಖ್ಯಸ್ಥ ತೊಕುಜಿ ಅಣ್ಣ, “ಚಿಕ್ಕವರು ಮುಂದೆ ಬನ್ರಪ್ಪಾ” ಎಂದು ಕೂಗುತ್ತಿದ್ದ, ನಾನೊಬ್ಬಳೇ ಮುಂದೆ ಹೋಗುತ್ತಿದ್ದೆ, ಎಲ್ಲ ನಗುತ್ತಿದ್ದರು. ಆದರೂ ಮನೆಗಳಲ್ಲಿ ಒಲೆ ಉರಿಯುತ್ತಿತ್ತು, ಚಾವಣಿಗಳ ಹಿಮ ಇಳಿಯುತ್ತಿತ್ತು. ಒಬ್ಬರ ಚಿಮಣಿಯ ಹೊಗೆ ಬೆಳಿಗ್ಗೆ ಕಾಣದಿದ್ದರೆ ಇನ್ನೊಬ್ಬರು ಹೋಗಿ ಬಾಗಿಲು ತಟ್ಟುತ್ತಿದ್ದರು. ಊರು ಎನ್ನಲು ಇನ್ನೇನು ಬೇಕು? ಜನಸಂಖ್ಯೆಗೆ ಕನಿಷ್ಠ ಮಿತಿ ಇದೆಯೇ? ಇದ್ದರೆ ಅದನ್ನು ನಿಗದಿ ಮಾಡಿದವರು ಎಂದಾದರೂ ನೆರೆಮನೆಯವರ ಬಾಗಿಲು ತಟ್ಟಿದವರೇ?

ಈಗ ಮೂಲ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಶರತ್ಕಾಲದ ಕೊನೆಗೆ ನಿಮ್ಮ ವಿಭಾಗದ ಒಬ್ಬ ಯುವ ಅಧಿಕಾರಿ ನಮ್ಮೂರ ಸಭೆಮನೆಗೆ ಬಂದರು. ಮಳೆಯಲ್ಲಿ ಬಂದಿದ್ದರು, ಕಾಲುಚೀಲ ಒದ್ದೆಯಾಗಿತ್ತು. ಹಾತ್ಸುಯೊ ಅಕ್ಕ ತನ್ನ ಗಂಡನ ಉಣ್ಣೆಯ ಕಾಲುಚೀಲ ತಂದುಕೊಟ್ಟಳು. ಅದನ್ನು ಹಾಕಿಕೊಂಡೇ ಅವರು ನಮಗೆ ವಿಷಯ ವಿವರಿಸಿದರು. ಹಿಮ ಸರಿಸುವ ಗಾಡಿ ಈ ಚಳಿಗಾಲ ಕೆಳಗಿನ ಸೇತುವೆಯವರೆಗೆ ಮಾತ್ರ ಬರುತ್ತದೆ. ಚಾಲಕರು ಸಿಗುತ್ತಿಲ್ಲ. ನಾವೆಲ್ಲ ವಸಂತದವರೆಗೆ ಪಟ್ಟಣದ ‘ಚಳಿಗಾಲದ ನಿವಾಸ’ದಲ್ಲಿ ಇರಬೇಕು. ಹಿಂದೆ ಶಿಕ್ಷಕರಿದ್ದ ಕಟ್ಟಡ, ಬೆಚ್ಚಗಿರುತ್ತದೆ, ಆಸ್ಪತ್ರೆ ಹತ್ತಿರ.

“ಇದು ಸ್ಥಳಾಂತರ ಅಲ್ಲ, ದಯವಿಟ್ಟು ತಪ್ಪು ತಿಳ್ಕೋಬೇಡಿ” ಎಂದು ಅವರು ಚಾಪೆಗೆ ಹಣೆ ತಾಗುವಷ್ಟು ಬಾಗಿದರು. “ಪ್ರಾಯೋಗಿಕವಾಗಿ ಒಂದು ಚಳಿಗಾಲ. ಅಷ್ಟೇ.”

ತೊಕುಜಿ ಅಣ್ಣ ಸಿಗರೇಟು ಸೇದುವವನಂತೆ ಕಣ್ಣು ಕಿರಿದು ಮಾಡಿ ಕೇಳಿದ, “ಅಲ್ಲಪ್ಪಾ, ನಾವು ಕೆಳಗಿದ್ರೆ ಮೇಲಿನ ಚಾವಣಿ ಹಿಮ ಯಾರು ಇಳಿಸ್ತಾರೆ?”

“ಅದಕ್ಕೆ ಕಚೇರಿಯಿಂದ ಗುತ್ತಿಗೆದಾರರನ್ನ ಕಳಿಸ್ತೀವಿ.”

“ರಸ್ತೆ ಮುಚ್ಚಿರತ್ತಲ್ಲ. ಹೆಂಗೆ ಬರ್ತಾರೆ ಅವರು? ಕಾಗೆ ಬೆನ್ನ ಮೇಲೆ ಕೂತ್ಕೊಂಡಾ?”

ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು. “ಅದನ್ನ ಸಂಬಂಧಪಟ್ಟ ವಿಭಾಗ ನೋಡ್ಕೊಳ್ಳತ್ತೆ” ಎಂದರು. ಹಾತ್ಸುಯೊ ಅಕ್ಕ ಮಾತ್ರ ನಗಲಿಲ್ಲ.

“ನಾನು ಬರಲ್ಲ” ಎಂದಳು. “ಮನೆಗೆ ಬೆಂಕಿ ಬೇಕು. ಬೆಂಕಿ ಇಲ್ದಿದ್ರೆ ಮನೆ ಕೆಡತ್ತೆ.”

“ಅಕ್ಕ, ನಿನ್ನ ಮಂಡಿ?” ಎಂದ ತೊಕುಜಿ ಅಣ್ಣ. ಹಿಂದಿನ ಚಳಿಗಾಲದಲ್ಲಿ ಅವಳು ಏಣಿಯಿಂದ ಜಾರಿ ಮಂಡಿ ಉಳುಕಿಸಿಕೊಂಡಿದ್ದಳು. “ಒಂದು ಚಳಿಗಾಲ ಸುಮ್ನೆ ಕೂತ್ಕೊಂಡು ಬಿಸಿನೀರಲ್ಲಿ ಕಾಲು ಬಿಟ್ಕೊಂಡಿರು. ಇಷ್ಟು ವರ್ಷ ದುಡಿದಿದೀಯ, ಕಚೇರಿಯವರ ಖರ್ಚಲ್ಲಿ ರಾಣಿ ಥರ ಇರು.”

“ರಾಣಿಗೆ ನಿನ್ನಂಥ ಮಂತ್ರಿ ಇದ್ರೆ ಆಯ್ತು, ರಾಜ್ಯ ಹೋದಂಗೇ” ಎಂದಳು ಹಾತ್ಸುಯೊ ಅಕ್ಕ. ಆದರೂ ಕೊನೆಗೆ ಒಪ್ಪಿದಳು. ನಾವೆಲ್ಲ ಒಪ್ಪಿದೆವು. ಯಾಕೆ ಒಪ್ಪಿದೆವೆಂದು ಈಗ ಯೋಚಿಸಿದರೆ ಬೇರೆ ಕಾರಣ ಹೊಳೆಯುವುದಿಲ್ಲ. ಆ ಹುಡುಗ ಅಷ್ಟು ಬಾಗಿದ್ದ, ಅವನ ಕಾಲುಚೀಲ ಒದ್ದೆಯಾಗಿತ್ತು, ಬರಿಗೈಯಲ್ಲಿ ಕಳಿಸಲು ನಮಗೆ ಸಂಕೋಚವಾಯಿತು. ತೊಕುಜಿ ಅಣ್ಣ ಊರಿನ ಮುದ್ರೆ ಒತ್ತಿದ. ಬೆಟ್ಟದೂರಿನ ಸೌಜನ್ಯವನ್ನು ಒಪ್ಪಿಗೆ ಎಂದು ಬರೆದುಕೊಂಡು ಹೋಗುವುದು ನಿಮ್ಮ ಕಚೇರಿಗೆ ಎಷ್ಟು ಸುಲಭವೆಂದು ನಮಗೆ ಆಗ ಹೊಳೆಯಲಿಲ್ಲ.

ಹೊರಡುವ ದಿನ ಎಲ್ಲ ಕಿಟಕಿಗಳಿಗೂ ಹಲಗೆ ಕಟ್ಟಿದೆವು. ಹಾತ್ಸುಯೊ ಅಕ್ಕ ಗತಿಸಿದ ಹಿರಿಯರ ಪೂಜಾಪೀಠದ ಮುಂದೆ ಕೂತು ಸತ್ತ ಗಂಡನಿಗೆ ಜೋರಾಗಿಯೇ ಹೇಳಿದಳು, “ಒಂದು ಚಳಿಗಾಲ ಮನೆ ನೋಡ್ಕೋ. ಬರ್ತೀನಿ. ಕುಡಿಯೋಕೆ ಇಟ್ಟಿದೀನಿ, ಒಂದೇ ದಿನ ಖಾಲಿ ಮಾಡ್ಬೇಡ.”

ಚಳಿಗಾಲದ ನಿವಾಸ ಬೆಚ್ಚಗಿತ್ತು, ಸುಳ್ಳು ಹೇಳುವುದಿಲ್ಲ. ಗುಂಡಿ ಒತ್ತಿದರೆ ಬಿಸಿಗಾಳಿ. ಹೊತ್ತುಹೊತ್ತಿಗೆ ಊಟ. ವಾರಕ್ಕೆರಡು ಸಲ ಒಬ್ಬ ಹುಡುಗಿ ಬಂದು ಎಲ್ಲರನ್ನೂ ಕುರ್ಚಿಗಳಲ್ಲಿ ದುಂಡಗೆ ಕೂರಿಸಿ, ಮಧ್ಯೆ ಬಲೂನು ಹಾರಿಸಿ, ಕೈಯಿಂದ ಹೊಡೆಯಿರಿ ಎನ್ನುತ್ತಿದ್ದಳು. ಬಲೂನು ಹಾತ್ಸುಯೊ ಅಕ್ಕನ ಮಡಿಲಿಗೆ ಬಂದು ಕೂತಿತು. ಅವಳು ಅದನ್ನು ಮುಟ್ಟಲೂ ಇಲ್ಲ.

“ಹೊಡೀರಿ ಅಜ್ಜಿ, ಹೊಡೀರಿ! ಶಭಾಷ್ ಅನ್ನಿಸ್ಕೊಳ್ಳಿ!” ಎಂದು ಹುಡುಗಿ ಚಪ್ಪಾಳೆ ತಟ್ಟಿದಳು.

“ಮಗಾ, ನಾನು ಕರಡಿ ಹೊಡೆದೋಡಿಸಿದ ಕೈ ಇದು. ಇದಕ್ಕೆ ಬಲೂನು ಹೊಡೆಯೋದು ಬರಲ್ಲ” ಎಂದಳು ಅಕ್ಕ.

ಆ ಚಳಿಗಾಲ ಹಿಮ ವಿಪರೀತ ಬಿತ್ತು. ಪಟ್ಟಣದಲ್ಲೇ ಸೊಂಟದವರೆಗೆ ಬಿದ್ದಿತ್ತು ಎಂದರೆ ಮೇಲೆ ಎಷ್ಟಿರಬಹುದು ಎಂದು ನಮಗೆ ಗೊತ್ತಾಗುತ್ತಿತ್ತು. ಹಾತ್ಸುಯೊ ಅಕ್ಕ ಬೆಳಿಗ್ಗೆ ಎದ್ದವಳೇ ಕೋಣೆಯ ಬಾಗಿಲನ್ನು ಎಳೆದು ನೋಡುತ್ತಿದ್ದಳು. ಅದು ಕಾಂಕ್ರೀಟು ಕಟ್ಟಡದ ಬಾಗಿಲು, ಸಲೀಸಾಗಿ ತೆರೆಯುತ್ತಿತ್ತು. ತೆರೆದಾಗಲೆಲ್ಲ ಅವಳ ಮುಖ ಇನ್ನಷ್ಟು ಕಪ್ಪಾಗುತ್ತಿತ್ತು.

ತೊಕುಜಿ ಅಣ್ಣನೂ ನಾನೂ ನಿಮ್ಮ ಕಚೇರಿಗೆ ಅಲೆದೆವು. ಚಾವಣಿಯ ಹಿಮ ಇಳಿಸಲು ಜನ ಹೋದರೇ ಎಂದು ಕೇಳಿದರೆ, ಪುನಶ್ಚೇತನ ವಿಭಾಗದವರು ಅದು ನಿರ್ಮಾಣ ವಿಭಾಗದ ಕೆಲಸ ಎಂದರು. ನಿರ್ಮಾಣ ವಿಭಾಗದವರು ಗುತ್ತಿಗೆದಾರರಿಗೆ ಫೋನು ಮಾಡಿದರು. ಗುತ್ತಿಗೆದಾರರು, ಸೇತುವೆಯಿಂದಾಚೆ ರಸ್ತೆ ಮುಚ್ಚಿದೆ, ಹಿಮಕುಸಿತದ ಭಯವಿದೆ, ಕೆಲಸಗಾರರನ್ನು ಕಳಿಸಲಾಗುವುದಿಲ್ಲ ಎಂದರು. ರಸ್ತೆ ಮುಚ್ಚಿದವರು ಯಾರು? ಕಚೇರಿ. ರಸ್ತೆ ಮುಚ್ಚಿದ್ದರಿಂದ ಬರಲಾಗಲಿಲ್ಲ ಎಂದು ವಿಷಾದಿಸಿದವರು ಯಾರು? ಅದೂ ಕಚೇರಿ. ತೊಕುಜಿ ಅಣ್ಣ ಕಿಟಕಿಯ ಮುಂದೆ ನಿಂತು, “ಕಾಗೆಗೂ ರಜೆ ಇರ್ಬೇಕು” ಎಂದ. ಗುಮಾಸ್ತರಿಗೆ ಅರ್ಥವಾಗಲಿಲ್ಲ. ನಾನು ನಗಲಿಲ್ಲ, ಅವನೂ ನಗಲಿಲ್ಲ.

ನಾವೇ ಹೋಗುತ್ತೇವೆ, ಹಿಮಪಾದುಕೆ ಕಟ್ಟಿಕೊಂಡು ನಡೆದು ಹೋಗುತ್ತೇವೆ ಎಂದೆವು. ಅಪಘಾತವಾದರೆ ಕಚೇರಿಗೆ ಜವಾಬ್ದಾರಿ ಬರುತ್ತದೆ, ದಯವಿಟ್ಟು ಸಹಕರಿಸಿ ಎಂದರು. ನಮ್ಮ ಮೇಲೆ ಇಷ್ಟು ಕಾಳಜಿ ಇಟ್ಟುಕೊಂಡವರಿಗೆ ಎದುರು ಹೇಳುವುದು ಹೇಗೆ? ಸಹಕರಿಸಿದೆವು.

ಚೆರ್ರಿ ಹೂ ಪಟ್ಟಣದಲ್ಲಿ ಉದುರಿದ ಮೇಲೆ ರಸ್ತೆ ತೆರೆಯಿತು. ಕಚೇರಿಯ ವ್ಯಾನಿನಲ್ಲಿ ನಮ್ಮನ್ನು ಮೇಲೆ ಕರೆದುಕೊಂಡು ಹೋದರು. ಅದೇ ಯುವ ಅಧಿಕಾರಿ ಜೊತೆಗಿದ್ದರು. ಹಾತ್ಸುಯೊ ಅಕ್ಕ ತೊಳೆದು ಇಸ್ತ್ರಿ ಮಾಡಿದ ಏಪ್ರನ್ ಕಟ್ಟಿಕೊಂಡು, ಮನೆಗೆ ಹೋದ ಕೂಡಲೇ ಒಲೆ ಹಚ್ಚಲು ಬೇಕೆಂದು ಪಟ್ಟಣದ ಅಂಗಡಿಯಿಂದ ಬೆಂಕಿಪೊಟ್ಟಣ ಕೊಂಡು ಕೈಯಲ್ಲೇ ಹಿಡಿದುಕೊಂಡಿದ್ದಳು. ದಾರಿಯುದ್ದಕ್ಕೂ ಹಿಮದ ಅಂಚಿನಲ್ಲಿ ಎಳೆ ಚಿಗುರು ಕಂಡಾಗಲೆಲ್ಲ, “ನಿಲ್ಸಪ್ಪಾ, ಅದನ್ನ ಕಿತ್ಕೋತೀನಿ, ಸಂಜೆಗೆ ಕರಿದು ಕೊಡ್ತೀನಿ ನಿಂಗೆ” ಎಂದು ಚಾಲಕನನ್ನು ಕಾಡುತ್ತಿದ್ದಳು.

ತಿರುವು ದಾಟಿದ ಕೂಡಲೇ ಕಂಡಿತು. ಮೊದಲು ತೊಕುಜಿ ಅಣ್ಣನ ಮನೆ. ಮುಂದಿನ ಅರ್ಧ ನಿಂತಿತ್ತು, ಹಿಂದಿನ ಅರ್ಧ ಮಂಡಿಯೂರಿತ್ತು. ಸಭೆಮನೆಯ ಚಾವಣಿ ಒಳಕ್ಕೆ ಇಳಿದಿತ್ತು. ಹಾತ್ಸುಯೊ ಅಕ್ಕನ ಮನೆಯ ನಡುದೂಲ ಮುರಿದು, ಮೇಲಿನ ಮಹಡಿ ಹಾಗೇ ನೆಲದ ಮೇಲೆ ಬಂದು ಕೂತಿತ್ತು. ಮಹಡಿಯ ಕಿಟಕಿಗೆ ನಾವು ಕಟ್ಟಿದ್ದ ಹಲಗೆಗಳು ಒಂದೂ ಕದಲಿರಲಿಲ್ಲ, ಅಷ್ಟು ಗಟ್ಟಿಯಾಗಿ ಕಟ್ಟಿದ್ದೆವು. ಚಾವಣಿಯ ಒಂದು ಪಕ್ಕ ಜಾರಿ ರಸ್ತೆಗೆ ಅಡ್ಡ ಬಿದ್ದಿತ್ತು. ವ್ಯಾನು ಅಲ್ಲೇ ನಿಂತಿತು. ಆಚೆಗೆ ನನ್ನ ಮನೆ ಒಂದೇ ನೆಟ್ಟಗೆ ನಿಂತಿತ್ತು. ಇಸಾಮು ಸಾಯುವ ಮುಂಚೆ ಚಾವಣಿಯ ಇಳಿಜಾರು ಹೆಚ್ಚಿಸಿ ತಗಡು ಹೊದಿಸಿದ್ದ, ಹಿಮ ತಾನಾಗಿ ಜಾರಿಹೋಗಿತ್ತು. ನನ್ನ ಮನೆ ನಿಂತಿದ್ದಕ್ಕೆ ನನಗೆ ಆ ಕ್ಷಣ ನಾಚಿಕೆಯಾಯಿತು.

ಹಾತ್ಸುಯೊ ಅಕ್ಕ ಇಳಿದಳು. ಅಳಲಿಲ್ಲ. ಮನೆಯ ಸುತ್ತ ಒಂದು ಸುತ್ತು ಬಂದಳು. ಒಲೆ ಇದ್ದ ಜಾಗ ಎಲ್ಲಿರಬಹುದೆಂದು ತಲೆ ಓರೆ ಮಾಡಿ ನೋಡಿದಳು. ಹಿರಿಯರ ಪೀಠ ಇದ್ದ ಕೋಣೆ ಎಲ್ಲದರ ಅಡಿಯಲ್ಲಿತ್ತು. ಆಮೇಲೆ ರಸ್ತೆಗೆ ಬಂದು, ಅಡ್ಡ ಬಿದ್ದ ತನ್ನ ಚಾವಣಿಯನ್ನು ನೋಡಿ, ಆ ಯುವ ಅಧಿಕಾರಿಯ ಮುಂದೆ ನಿಂತು, ಸೊಂಟ ಬಗ್ಗಿಸಿ ತಲೆಬಾಗಿದಳು.

“ಕ್ಷಮಿಸಿಬಿಡಪ್ಪಾ. ನಮ್ಮ ಮನೆ ರಸ್ತೆಗೆ ಬಿದ್ದುಬಿಟ್ಟಿದೆ. ನಿಮಗೆಲ್ಲ ತೊಂದರೆ ಆಯ್ತು.”

ಅಧ್ಯಕ್ಷರೇ, ಈ ಪತ್ರದಲ್ಲಿ ನೀವು ಒಂದೇ ಸಾಲು ಓದುವುದಾದರೆ ಈ ಸಾಲು ಓದಿ. ಎಂಬತ್ತೇಳು ವರ್ಷದ ಹೆಂಗಸು, ಹುಟ್ಟಿದಾಗಿನಿಂದ ಒಂದು ಚಳಿಗಾಲವೂ ತನ್ನ ಚಾವಣಿಯನ್ನು ಅಲಕ್ಷ್ಯ ಮಾಡದವಳು, ನಿಮ್ಮ ಮಾತು ನಂಬಿ ಮನೆ ಬಿಟ್ಟವಳು, ಮನೆ ಬಿದ್ದದ್ದಕ್ಕೆ ನಿಮ್ಮ ಕಚೇರಿಯ ಕ್ಷಮೆ ಕೇಳಿದಳು. ಆ ಹುಡುಗ ಮುಖ ಆಚೆ ತಿರುಗಿಸಿದ. ಅವನ ಕಣ್ಣು ತುಂಬಿತ್ತು ಎಂದು ನಾನು ಸಾಕ್ಷಿ ಹೇಳುತ್ತೇನೆ. ಮುಂದಿನ ತಿಂಗಳೇ ಅವನನ್ನು ಬೇರೆ ವಿಭಾಗಕ್ಕೆ ಹಾಕಿದಿರಿ. ಕ್ಷಮೆ ಕೇಳಬೇಕಾದವರು ಯಾರೆಂದು ಅವನೊಬ್ಬನಿಗೆ ಗೊತ್ತಾಗಿತ್ತು, ಬಹುಶಃ ಅದೇ ಅವನ ಅನರ್ಹತೆ.

ತೊಕುಜಿ ಅಣ್ಣ ಆ ದಿನ ತನ್ನ ಅರ್ಧ ಮನೆಯ ಹೊಸ್ತಿಲ ಮೇಲೆ ಕೂತ. “ಮುದ್ರೆ ಒತ್ತಿದ್ದು ನಾನು, ಮಿರಾ” ಎಂದ. ಊರಲ್ಲಿ ನನ್ನನ್ನು ಮಿರಾ ಎನ್ನುತ್ತಾರೆ.

“ಎಲ್ರೂ ಸೇರಿ ಒಪ್ಪಿದ್ವಲ್ಲ ಅಣ್ಣ.”

“ಎಲ್ರ ಕೈ ಹಿಡಿದು ಮುದ್ರೆ ಒತ್ತಿಸಲಿಲ್ಲ ಅವರು. ನನ್ನ ಕೈಯಿಂದ ಒತ್ತಿಸಿದ್ರು.” ಆಮೇಲೆ, “ನಾನು ಯಾವಾಗ್ಲೂ ತಮಾಷೆ ಮಾಡ್ತೀನಲ್ಲ, ಅದಕ್ಕೇ ನಾನು ಕೇಳಿದ್ದನ್ನ ಯಾರೂ ಪ್ರಶ್ನೆ ಅಂದ್ಕೊಳ್ಳಲಿಲ್ಲ” ಎಂದ. ಬೇಸಿಗೆಗೆ ಮುಂಚೆ ಅವನು ಮಗಳ ಊರಿಗೆ ಹೊರಟುಹೋದ. ಮುಖ್ಯಸ್ಥನ ಮುದ್ರೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, “ಒತ್ತೋ ಮುಂಚೆ ಎರಡು ಸಲ ಯೋಚ್ನೆ ಮಾಡು” ಎಂದ. ಹೀಗೆ ನಾನು ತೊಚಿಕುರಾದ ಮುಖ್ಯಸ್ಥೆಯಾದೆ. ನಿಮ್ಮ ಕಚೇರಿಯ ಯೋಜನೆಗಳಲ್ಲಿ ಇಷ್ಟು ಮೇಲಕ್ಕೇರಿದ ಯೋಜನೆ ಇನ್ನೊಂದಿಲ್ಲ.

ನಾನು ಮೇಲೆ ನನ್ನ ಮನೆಗೆ ವಾಪಸಾದೆ. ಹಾತ್ಸುಯೊ ಅಕ್ಕನನ್ನು ನನ್ನ ಜೊತೆಗೇ ಇರು ಎಂದು ಕರೆದೆ. ದೊಡ್ಡ ಮನೆ, ಇಬ್ಬರಿಗೆ ಧಾರಾಳ. ಅವಳು ಬರಲಿಲ್ಲ. “ನಿನ್ನ ಅಂಗಳದಿಂದ ನನ್ನ ಮನೆ ಕಾಣತ್ತೆ” ಎಂದಳು, ಬೇರೆ ಕಾರಣ ಕೊಡಲಿಲ್ಲ. ಅವಳನ್ನು ಪಟ್ಟಣದ ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸಿದರು.

ನಂತರದ್ದೆಲ್ಲ ನಿಮ್ಮ ಕಡತಗಳಲ್ಲಿ ಕ್ರಮಬದ್ಧವಾಗಿದೆ. ವಾಸಯೋಗ್ಯ ಮನೆಗಳು ಉಳಿದಿಲ್ಲವಾದ್ದರಿಂದ ಗ್ರಾಮವನ್ನು ಮುಂದುವರಿಸುವುದು ಸೂಕ್ತವಲ್ಲ ಎಂದು ತೀರ್ಮಾನಿಸಲಾಯಿತು. ನಿಂತಿದ್ದ ನನ್ನ ಒಂದು ಮನೆ ಲೆಕ್ಕಕ್ಕೆ ಬರಲಿಲ್ಲ. ಮನೆಗಳು ಯಾಕೆ ಉಳಿದಿಲ್ಲ ಎಂಬ ಕಲಂ ನಮೂನೆಯಲ್ಲಿ ಇರಲಿಲ್ಲವೇನೋ. ಬೇಸಿಗೆಯಲ್ಲಿ ನೀರಿನ ಕೊಳವೆ ನಿಂತಿತು, ನಾನು ತೊರೆಯಿಂದ ನೀರು ಹೊತ್ತೆ. ಶರತ್ಕಾಲದಲ್ಲಿ ಒಂದು ದಿನ ಹಾತ್ಸುಯೊ ಅಕ್ಕನನ್ನು ನೋಡಲು ಪಟ್ಟಣಕ್ಕೆ ಬಂದು ವಾಪಸು ಹೋದರೆ, ಸೇತುವೆಗೆ ಅಡ್ಡವಾಗಿ ಕಬ್ಬಿಣದ ಗೇಟು, ಬೀಗ. ‘ಸುರಕ್ಷತೆಯ ದೃಷ್ಟಿಯಿಂದ’ ಎಂದು ಫಲಕ. ನನ್ನ ಮನೆ ಆಚೆ, ನಾನು ಈಚೆ. ಒಂದು ಸಲ ಗೇಟು ಹತ್ತಿ ದಾಟಿದೆ. ಮಾರನೇ ವಾರ ಎಚ್ಚರಿಕೆಯ ಪತ್ರ ಬಂತು. ಕರಡಿಗಳ ಓಡಾಟ ನೋಡಲೆಂದು ಇಟ್ಟ ಕ್ಯಾಮೆರಾದಲ್ಲಿ ನಾನು ಬಿದ್ದಿದ್ದೆನಂತೆ. ಕರಡಿಗಳು ದಿನವೂ ದಾಟುತ್ತವೆ. ಅವುಗಳಿಗೆ ನೀವು ಪತ್ರ ಬರೆಯುವುದಿಲ್ಲ.

ಈಗ ನಾನು ನಿಮ್ಮ ಅದೇ ಚಳಿಗಾಲದ ನಿವಾಸದಲ್ಲಿ ಎಲ್ಲ ಕಾಲಕ್ಕೂ ವಾಸವಾಗಿದ್ದೇನೆ. ಸಾಮಾರಿಗೆ ಹೋಗಬಹುದಲ್ಲ ಎಂದು ಕಚೇರಿಯವರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಅಲ್ಲಿ ಅಪ್ಪ ಅಮ್ಮ ಇಲ್ಲ, ತಂಗಿ ಇಲ್ಲ, ಮನೆಯಿದ್ದ ಜಾಗವನ್ನು ಚಂಡಮಾರುತ ಸಮುದ್ರಕ್ಕೆ ಕೊಟ್ಟಿದೆ. ಅಲ್ಲಿಯ ಭಾಷೆಯಲ್ಲಿ ಈಗ ನನಗೆ ಕನಸೂ ಬೀಳುವುದಿಲ್ಲ. ಇಸಾಮು, ಅತ್ತೆ, ಹೆಸರಿಲ್ಲದ ನನ್ನ ಕೂಸು, ಮೂವರೂ ತೊಚಿಕುರಾದ ಕಲ್ಲಿನಡಿ ಇದ್ದಾರೆ. ಅದು ಗೇಟಿನ ಆಚೆಗೆ.

ಹೋದ ವಾರ ಆರೈಕೆ ಕೇಂದ್ರಕ್ಕೆ ಹೋಗಿದ್ದೆ. ಗೇಟಿನ ಈಚೆ ದಂಡೆಯಲ್ಲಿ ಆಯ್ದ ತೊಚಿ ಕಾಯಿಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿದ್ದೆ. ಹಾತ್ಸುಯೊ ಅಕ್ಕ ಬಿಚ್ಚಿ ನೋಡಿ, ಒಂದನ್ನು ಬೆರಳಲ್ಲಿ ಹೊರಳಿಸಿ, ಮತ್ತೆ ಗಂಟು ಕಟ್ಟಿ ನನ್ನ ಕಡೆಗೇ ತಳ್ಳಿದಳು.

“ಇನ್ನು ತರಬೇಡ ಇದೆಲ್ಲ. ಇಲ್ಲಿ ಎಲ್ಲ ಕೊಡ್ತಾರೆ.”

“ಮೋಚಿ ಮಾಡೋಣ ಅಕ್ಕ, ನನ್ನ ಕೋಣೇಲಿ.”

“ಹರಿಯೋ ನೀರು ಎಲ್ಲಿದೆ ನಿನ್ನ ಕೋಣೇಲಿ?” ಎಂದಳು. ಬೈಯುವ ದನಿಯಲ್ಲಿ ಅಲ್ಲ. ಬೈದಿದ್ದರೆ ನಾನು ಖುಷಿಯಾಗಿ ವಾಪಸು ಬರುತ್ತಿದ್ದೆ. ಅಷ್ಟರಲ್ಲಿ, ಅಲ್ಲಿಗೂ ಬರುವ ಬಲೂನಿನ ಹುಡುಗಿ ಬಂದಳು. ಅಕ್ಕ ಎದ್ದು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಬಲೂನು ಬಂದಾಗ ಕೈಯೆತ್ತಿ ಹೊಡೆದಳು. ಎಲ್ಲರಿಗಿಂತ ಚೆನ್ನಾಗಿ ಹೊಡೆಯುತ್ತಾಳೆ ಈಗ. ಹುಡುಗಿ ಶಭಾಷ್ ಎಂದಳು. ಅಧ್ಯಕ್ಷರೇ, ಚಪ್ಪಾಳೆ ತಟ್ಟಬೇಕಾದ ಸಮಾರೋಪ ಅಲ್ಲೇ ಮುಗಿದುಹೋಗಿದೆ. ನೀವು ಸಭಾಭವನ ಬಾಡಿಗೆಗೆ ಹಿಡಿಯಬೇಕಿಲ್ಲ.

ನಿಮ್ಮ ಭಾಷಣದಲ್ಲಿ ಏನಿರುತ್ತದೆ ಎಂದು ಊಹಿಸಬಲ್ಲೆ. ಕಾಲದ ಪ್ರವಾಹ, ತಡೆಯಲಾಗದ ಬದಲಾವಣೆ, ಜನಸಂಖ್ಯೆಯ ಇಳಿಕೆ. ಈ ಪದಗಳ ಲಾಭವೆಂದರೆ ಇವುಗಳಲ್ಲಿ ಯಾರ ಕೈಯೂ ಕಾಣುವುದಿಲ್ಲ. ಇನ್ನು ಹತ್ತು ವರ್ಷದಲ್ಲಿ ನಾವೆಲ್ಲ ಸಾಯುತ್ತಿದ್ದೆವು, ಊರೂ ತಾನಾಗಿ ನಿಲ್ಲುತ್ತಿತ್ತು, ಇದು ನಮಗೆ ಗೊತ್ತಿರಲಿಲ್ಲವೇ? ನಾವು ಚಿರಂಜೀವಿಗಳಾಗಲು ಕೇಳಿದ್ದೆವೇ? ಆ ಹತ್ತು ವರ್ಷ ನಮ್ಮವಾಗಿದ್ದವು. ಒಂದು ಗಾಡಿ, ಒಬ್ಬ ಚಾಲಕ, ಸೇತುವೆಯಿಂದ ಮೇಲಕ್ಕೆ ಇನ್ನೊಂದಿಷ್ಟು ದಾರಿ, ಇಷ್ಟೇ ಬೇಕಿದ್ದದ್ದು. ಅದಕ್ಕಿಂತ ನಮ್ಮನ್ನು ಬೆಚ್ಚಗೆ ಕೂರಿಸಿ ಮನೆಗಳನ್ನು ಬೀಳಲು ಬಿಡುವುದು ನಿಮಗೆ ಸುಲಭವಾಗಿ ಕಂಡಿತು.

ನ್ಯಾಯ ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಬಿದ್ದ ದೂಲವನ್ನು ಯಾವ ಆದೇಶವೂ ಎತ್ತಿ ನಿಲ್ಲಿಸುವುದಿಲ್ಲ. ರಸ್ತೆಯ ಹಿಮ ತೆಗೆಸಿ ಎಂದೂ ಕೇಳುವುದಿಲ್ಲ, ನೀರು ಬಿಡಿ ಎಂದೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಅವೆಲ್ಲ ಕೇಳಿ ಸುಸ್ತಾಗಿದ್ದೇನೆ. ಕೇಳಿಕೆ ಒಂದೇ ಉಳಿದಿದೆ. ಗೇಟಿನ ಬೀಗದ ಕೈಯನ್ನು ನನಗೊಂದು ಕೊಡಿ. ಕಿಟಕಿಗಳಿಗೆ ಹಲಗೆ ಕಟ್ಟಬೇಕು, ಸೀಮೆಎಣ್ಣೆ ಸಾಗಿಸಬೇಕು. ಇಸಾಮುವಿನ ಪುಟ್ಟ ಲಾರಿ ಗೇಟು ಹತ್ತಿ ದಾಟಲಾರದು. ಆಮೇಲೆ ಹಿಮ ಬಿದ್ದು ದಾರಿ ಮುಚ್ಚಿದರೆ ಮುಚ್ಚಲಿ. ನಾನು ಒಳಗಿರುತ್ತೇನೆ.

ಇದಕ್ಕೂ ಕಚೇರಿಗೆ ಬಂದು ಕೇಳಿದ್ದೇನೆ. ಕಿಟಕಿಯ ಹಿಂದಿದ್ದವರು ಬಹಳ ಮರ್ಯಾದೆಯಿಂದ ಮಾತಾಡಿದರು.

“ಕೊಡಬಹುದು. ಆದ್ರೆ ಗ್ರಾಮದ ಮುಖ್ಯಸ್ಥರ ಶಿಫಾರಸು ಬೇಕಾಗತ್ತೆ, ಮಿಚಿಕೊ ಅವರೇ.”

“ಮುಖ್ಯಸ್ಥೆ ನಾನೇ. ಮುದ್ರೆ ತಂದಿದೀನಿ.”

“ಗ್ರಾಮ ಈಗ ಅಸ್ತಿತ್ವದಲ್ಲಿಲ್ಲವಲ್ಲ. ಹಾಗಾಗಿ ಮುದ್ರೆ ನಡೆಯಲ್ಲ.”

“ಅಸ್ತಿತ್ವದಲ್ಲಿಲ್ದೇ ಇರೋದಕ್ಕೆ ಬರೋ ತಿಂಗಳು ಸಮಾರೋಪ ಹೆಂಗೆ ಮಾಡ್ತೀರಿ?”

ಅವರು ಕಡತ ತಿರುವಿ ನೋಡಿ, “ಅದು ಬೇರೆ ವಿಭಾಗ” ಎಂದರು.

ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ, ಎಲ್ಲ ವಿಭಾಗಗಳ ಮೇಲೆ ಕೂತವರು ನೀವೆಂದು. ನಿನ್ನೆ ಬೆಳಿಗ್ಗೆ ಮೇಲಿನ ಶಿಖರ ಬೆಳ್ಳಗಾಗಿತ್ತು. ಇನ್ನು ಹೆಚ್ಚು ದಿನಗಳಿಲ್ಲ. ನೀವು ಬೀಗದ ಕೈ ಕೊಡುವುದಿಲ್ಲವೆಂದು ನನಗೆ ಹೆಚ್ಚುಕಡಿಮೆ ಗೊತ್ತು. ಆದರೆ ಮುಂದೊಂದು ದಿನ ನನ್ನ ಮನೆಯೂ ಬಿದ್ದ ಸುದ್ದಿ ಬಂದಾಗ, ಅಲ್ಲಿ ಇರಲು ಬಯಸಿದವರು ಯಾರೂ ಇರಲಿಲ್ಲ ಎಂದು ಮಾತ್ರ ಬರೆದುಕೊಳ್ಳಬೇಡಿ. ಒಬ್ಬಳಿದ್ದಳು. ಕೇಳಿದ್ದಳು.

ಇಂತಿ,
ನಿಮ್ಮ ಸುರಕ್ಷತೆಯಲ್ಲಿ, ಸೇತುವೆಯ ಈಚೆಗಿರುವ,
ಮಿಲಾಗ್ರೊಸ್
ಇಲ್ಲದ ಊರಿನ ಮುಖ್ಯಸ್ಥೆ